ಶ್ಶ್ ಮೇಷ್ಟ್ರ ವಿಮಾನ

ಶನಿವಾರ ಬೆಳಿಗ್ಗೆ, ನೆಲ ಮುಟ್ಟುವುದಕ್ಕೆ ಇನ್ನೊಂದು ಮರದಷ್ಟು ಎತ್ತರ ಬಾಕಿ ಇದೆ ಎನ್ನುವಾಗ ಗಣಿತದ ಮೇಷ್ಟ್ರ ವಿಮಾನ ಆಕಾಶದಲ್ಲೇ ನಿಂತುಬಿಟ್ಟಿತು. ನೊಣ ಕಂಡ ಹಲ್ಲಿಯ ಹಾಗೆ ಅಲ್ಲಾಡದೆ ನಿಂತಿತು. ಮೇಷ್ಟ್ರು ಮೌಸನ್ನು ಒದರಿದರು, ಮೇಜು ಕುಟ್ಟಿದರು. ಕಂಪ್ಯೂಟರ್ ದಡಕ್ಕನೆ ಎಚ್ಚೆತ್ತು ವಿಮಾನವನ್ನು ಹೊಟ್ಟೆಯಡಿಯಾಗಿ ರನ್‌ವೇ ಮೇಲೆ ಉಜ್ಜಿ ಕೆಡವಿತು.

"ದರಿದ್ರ ಕಂಪ್ಯೂಟರು!" ಎಂದು ಪಿಸುಗುಟ್ಟಿದರು. ಚಕ್ರ ಇಳಿಸುವುದನ್ನು ತಾವೇ ಮರೆತದ್ದು ಅವರಿಗೆ ಹೊಳೆಯಲಿಲ್ಲ. ಅದು ಯಾವತ್ತೂ ಹೊಳೆಯುತ್ತಿರಲಿಲ್ಲ.

ಮುಚ್ಚಿದ ಬಾಗಿಲಿನ ಆಚೆಯಿಂದ ಹೆಂಡತಿಯ ದನಿ ಬಂತು. "ರೀ, ಒಳಗೆ ಪೇಪರ್ ತಿದ್ತಾ ಇದೀರೋ, ರುಬ್ತಾ ಇದೀರೋ? ಏನದು ಗುಂಯ್ ಅನ್ನೋದು?"

"ಫ್ಯಾನು ಕಣೇ! ಕಂಪ್ಯೂಟರ್ ಫ್ಯಾನು!"

ತರಗತಿಯಲ್ಲಿ ಮೇಷ್ಟ್ರ ಹಾರಾಟ ಕೂಗಾಟ ಊರಿಗೆಲ್ಲ ಗೊತ್ತಿತ್ತು. ಮನೆಯಲ್ಲಿ ಕದ ಹಾಕಿಕೊಂಡು ನಡೆಸುವ ಹಾರಾಟ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗಲೂಬಾರದು. ಮಕ್ಕಳು ಉಸಿರಾಡಿದರೂ "ಶ್ಶ್!" ಎನ್ನುತ್ತಿದ್ದ ಕಾರಣಕ್ಕೆ 'ಶ್ಶ್ ಮೇಷ್ಟ್ರು' ಎಂದೇ ಹೆಸರಾದವರು ಅವರು. ಹೋದ ತಿಂಗಳು ಪೋಷಕರ ಸಭೆಯಲ್ಲಿ ಎದೆ ಸೆಟೆಸಿ, "ಪರದೆಯ ಮುಂದೆ ಆಟವಾಡುವವನು ಬಾಳಿನ ಪರೀಕ್ಷೆಯಲ್ಲಿ ನಪಾಸು!" ಎಂದು ಗುಡುಗಿದ್ದರು. ಚಪ್ಪಾಳೆ ಎಷ್ಟು ಬಿತ್ತೆಂದರೆ, ಹೆಡ್‌ಮೇಡಂ ಆ ಮಾತನ್ನು ಶಾಲೆಯ ಗೇಟಿನ ಹಲಗೆಯ ಮೇಲೆ ಬರೆಸಿಯೇಬಿಟ್ಟರು, ಕೆಳಗೆ ಮೇಷ್ಟ್ರ ಹೆಸರಿನ ಸಮೇತ. ಅಂದಿನಿಂದ ಮೇಷ್ಟ್ರು ಗೇಟು ದಾಟುವಾಗ ಆಕಾಶ ನೋಡಿಕೊಂಡು ದಾಟುತ್ತಿದ್ದರು.

ಈ ಕಂಪ್ಯೂಟರಿಗೆ ಅರಳುಮರಳು ಹಿಡಿದಿದೆ ಎನ್ನಲು ಅವರ ಬಳಿ ಇನ್ನೊಂದು ಪುರಾವೆಯೂ ಇತ್ತು. ಬೆಳಿಗ್ಗೆ ಸಮುದ್ರದ ದಡದಲ್ಲಿ ಮುಗ್ಗರಿಸಿ ಬಿದ್ದಿದ್ದ ವಿಮಾನ, ಸಂಜೆ ಬಂದು ನೋಡಿದರೆ ಯಾವುದೋ ಬೆಟ್ಟದ ಊರಿನ ನಿಲ್ದಾಣದಲ್ಲಿ ಮದುಮಗನ ಹಾಗೆ ನೆಟ್ಟಗೆ ನಿಂತಿರುತ್ತಿತ್ತು. ಕೂರುವ ಕುರ್ಚಿಯೂ ದಿನಾ ಒಂದು ಗೇಣು ಕುಸಿದಿರುತ್ತಿತ್ತು. 'ಕಂಪ್ಯೂಟರಿಗೂ ವಯಸ್ಸಾಯಿತು, ಕುರ್ಚಿಗೂ ವಯಸ್ಸಾಯಿತು' ಎಂದುಕೊಂಡ ಮೇಷ್ಟ್ರು, ಇವತ್ತೇ ಹೊಸದು ತರುವುದೆಂದು ತೀರ್ಮಾನಿಸಿದರು. ಆದರೆ ಯಾವುದನ್ನು ತರುವುದು? ಯಾರನ್ನು ಕೇಳುವುದು?

ಶಾಲೆಗೆ ಹೋದವರೇ ಟೀಚರ್ಸ್ ರೂಮಿನಲ್ಲಿ ಡ್ರಿಲ್ ಮೇಷ್ಟ್ರ ಪಕ್ಕಕ್ಕೆ ಜರುಗಿ ಕೂತರು. ಅದೇ ಮೊದಲ ತಪ್ಪು. ಡ್ರಿಲ್ ಮೇಷ್ಟ್ರ ಕೊರಳಲ್ಲಿ ಒಂದು ಸೀಟಿ, ಕೊರಳೊಳಗೆ ಇನ್ನೊಂದು.

"ಸಾರ್, ಒಂದು ಒಳ್ಳೆ ಕಂಪ್ಯೂಟರ್ ಬೇಕಿತ್ತು. ಸರಾಗವಾಗಿ ಓಡೋದು."

"ಕಂಪ್ಯೂಟರ್ರಾ! ಯಾರಿಗೆ ಸಾರ್?" ಎಂಬ ಪ್ರಶ್ನೆ ಮೈದಾನದ ಆಚೆಗೂ ಕೇಳಿತು. ಎಲ್ಲರೂ ತಲೆಯೆತ್ತಿದರು. ಮೇಷ್ಟ್ರ ಬಾಯಿಗೆ ಸಿಕ್ಕಿದ್ದು ಒಂದೇ ಹೆಸರು.

"ನಮ್ಮ... ಅತ್ತೆಯವರಿಗೆ."

"ಅತ್ತೆಗೆ! ಕೇಳಿಸ್ಕೊಂಡ್ರಾ ಎಲ್ಲರೂ? ನಮ್ಮನೆಗೆ ಅತ್ತೆ ಬಂದ್ರೆ ನಾನು ಓಡಿಹೋಗೋಕೆ ಚಪ್ಪಲಿ ಹುಡುಕ್ತೀನಿ, ಇವರು ಕಂಪ್ಯೂಟರ್ ಹುಡುಕ್ತಾ ಇದಾರೆ! ನಡೀರಿ, ನಾನೇ ಕೊಡಿಸ್ತೀನಿ. ನನಗೆ ಗೊತ್ತಿರೋ ಅಂಗಡಿ."

ಮೆಚ್ಚುಗೆಯ ನೋಟಗಳು ಮೇಷ್ಟ್ರ ಬೆನ್ನಿಗೆ ಸೂಜಿಯ ಹಾಗೆ ಚುಚ್ಚಿದವು.

ಅಂಗಡಿಯವನು ಮೇಷ್ಟ್ರ ಹಳೆಯ ಶಿಷ್ಯನೇ ಆಗಬೇಕೆ?

"ನಮಸ್ಕಾರ ಸಾರ್! ಎಂಟನೇ ಕ್ಲಾಸಲ್ಲಿ ನನ್ನ ವಿಡಿಯೋ ಗೇಮ್ ಕಿತ್ಕೊಂಡಿದ್ರಲ್ಲ, ಇನ್ನೂ ಇದೆಯಾ ಸಾರ್?"

"ಶ್ಶ್!" ಎಂದರು ಮೇಷ್ಟ್ರು. ಆ ಆಟದ ಕೊನೆಯ ಹಂತವನ್ನು ಅವರು ಎಂದೋ ಮುಗಿಸಿದ್ದರು.

"ಅತ್ತೆಯವರಿಗೆ ಕಂಪ್ಯೂಟರ್ ಬೇಕಂತೆ ಕಣಯ್ಯಾ," ಎಂದು ಡ್ರಿಲ್ ಮೇಷ್ಟ್ರು ಘೋಷಿಸಿದರು. "ವಯಸ್ಸಾದೋರು. ಫೋಟೋ ನೋಡೋಕೆ ಆದ್ರೆ ಸಾಕು. ಆ ಮೂಲೇಲಿರೋ ಚಿಕ್ಕದು ಕೊಡು."

"ಅಯ್ಯೋ, ಅದು ಬೇಡ!" ಮೇಷ್ಟ್ರು ಚೀರಿದರು. ಆಮೇಲೆ ಗಂಟಲು ಸರಿಮಾಡಿಕೊಂಡರು. "ಅಂದ್ರೆ... ಅವರಿಗೆ ಗ್ರಾಫಿಕ್ಸ್ ಕಾರ್ಡ್ ಸ್ವಲ್ಪ ದೊಡ್ಡದು ಬೇಕು."

"ಗ್ರಾಫಿಕ್ಸ್ ಕಾರ್ಡಾ? ಅತ್ತೆಗಾ?"

"ಕಣ್ಣಿನ ಪೊರೆ ತೆಗೆಸಿದಾರೆ. ಮೋಡ ಎಲ್ಲ ಸ್ಪಷ್ಟವಾಗಿ ಕಾಣಬೇಕು."

"ಮೋಡ ನೋಡೋಕೆ ಕಿಟಕಿ ಸಾಕಲ್ಲ ಸಾರ್!"

"ರೆಕ್ಕೆ ಬಾಗಿದಾಗ ಚಿತ್ರ ನಡುಗಬಾರದು..."

"ಯಾರ ರೆಕ್ಕೆ?"

"ಹಕ್ಕೀದು! ಅವರಿಗೆ ಹಕ್ಕಿ ಅಂದ್ರೆ ಪ್ರಾಣ."

ಅಂಗಡಿಯವನು ಮೇಷ್ಟ್ರ ಮುಖವನ್ನೇ ನೋಡುತ್ತಿದ್ದ. ಅವನ ತುಟಿಯಂಚಿನಲ್ಲಿ ಒಂದು ನಗು ಟೇಕಾಫ್‌ಗೆ ಕಾಯುತ್ತಿತ್ತು. "ಹಕ್ಕಿ ಕೆಳಗೆ ಇಳಿಯೋವಾಗ ಚಿತ್ರ ಅಂಟ್ಕೊಳ್ಳುತ್ತೆ, ಅಲ್ವಾ ಸಾರ್?"

ಮೇಷ್ಟ್ರ ಕಿವಿ ಸುಟ್ಟ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಸಿಕ್ಕಿಬಿದ್ದೆ! ಕಾಪಿ ಹೊಡೆದು ಸಿಕ್ಕಿಬಿದ್ದ ಹುಡುಗರಿಗೆ ಹೇಗಾಗುತ್ತದೆ ಎಂಬುದು ಅವರಿಗೆ ಆವತ್ತು ಮೊದಲ ಸಲ ಗೊತ್ತಾಯಿತು.

"ಅರ್ಥ ಆಯ್ತು ಬಿಡಿ," ಎಂದ ಶಿಷ್ಯ. "ಒಳಗೊಂದು ಇಟ್ಟಿದೀನಿ. ಜೋರಾದ ಪ್ರೊಸೆಸರ್, ಬೇಕಾದಷ್ಟು ಮೆಮೊರಿ, ಕಾರ್ಡಂತೂ ಇಟ್ಟಿಗೆಯಷ್ಟು ದಪ್ಪ. ಬೆಣ್ಣೇಲಿ ಕೂದಲು ತೆಗೆದ ಹಾಗೆ ಓಡುತ್ತೆ. 'ಅದನ್ನೂ' ಹಾಕಿಯೇ ತಂದುಕೊಡ್ತೀನಿ." ಕಣ್ಣು ಹೊಡೆದಂತೆಯೂ ಇತ್ತು, ಹೊಡೆಯದಂತೆಯೂ ಇತ್ತು.

"ಶ್ಶ್," ಎಂದರು ಮೇಷ್ಟ್ರು. ಈ ಸಲ ಅದು ಬೇಡಿಕೊಂಡಂತೆ ಕೇಳಿತು.

ಪೆಟ್ಟಿಗೆ ಹೊತ್ತ ಶಿಷ್ಯನ ಹಿಂದೆಯೇ ಡ್ರಿಲ್ ಮೇಷ್ಟ್ರೂ ಮನೆಗೆ ಬಂದರು. "ಅತ್ತೆಯವರ ಕೈಯಿಂದಲೇ ಶುರು ಮಾಡಿಸೋಣ!" ಎಂದು ಅವರು ಮೆಟ್ಟಿಲ ಕೆಳಗಿಂದಲೇ ಕೂಗಿದ್ದಕ್ಕೆ ಪಕ್ಕದ ಮನೆಯವರು, ಎದುರು ಮನೆಯವರು ಎಲ್ಲ ಬಾಗಿಲಲ್ಲಿ ಜಮಾಯಿಸಿದರು. ಮೇಷ್ಟ್ರು ಒಂದೇ ಓಟಕ್ಕೆ ಅಡುಗೆಮನೆಗೆ ಹೋಗಿ ಅತ್ತೆಯ ಮುಂದೆ ನಿಂತರು. ಅತ್ತೆ ಬಸ್ ಕಂಡಕ್ಟರಾಗಿ ನಿವೃತ್ತರಾದವರು. ಮಗಳ ಮನೆಗೆ ಬಂದಮೇಲೆ, ದಿನಾ ಮಧ್ಯಾಹ್ನ ಕದ ಹಾಕಿಕೊಂಡು ನಿದ್ದೆ ಮಾಡುತ್ತಾರೆಂಬುದು ಬಿಟ್ಟರೆ ಅವರ ಸುದ್ದಿಯೇ ಇರುತ್ತಿರಲಿಲ್ಲ.

"ಅತ್ತೆ, ಕೈಮುಗೀತೀನಿ. ಯಾರಾದ್ರೂ ಕೇಳಿದ್ರೆ ಆ ಕಂಪ್ಯೂಟರ್ ನಂದೇ ಅಂದುಬಿಡಿ. ಇವತ್ತೊಂದಿನ."

"ಅದಕ್ಕೇನಂತೆ ಅಳಿಯಂದ್ರೇ," ಎಂದು ಅತ್ತೆ ಸೆರಗಿಗೆ ಕೈ ಒರೆಸಿಕೊಂಡರು. "ಧಾರಾಳವಾಗಿ ಅಂತೀನಿ."

ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಎರಡು ನಿಮಿಷ ಅತ್ತೆ ಪರದೆ ನೋಡಿದರೆ ಜನ ಕರಗುತ್ತಾರೆ. ಆಮೇಲೆ ಕದ, ಆಮೇಲೆ ಆಕಾಶ.

ಶಿಷ್ಯ ಕೋಣೆಯಲ್ಲಿ ಎಲ್ಲ ಜೋಡಿಸಿಟ್ಟ ಮೇಲೆ ಅತ್ತೆ ಬಂದು ಕೂತರು. ಕುರ್ಚಿಯ ಅಡಿಗೆ ಕೈ ಹಾಕಿ ಹಿಡಿ ಎತ್ತಿದರು. ಟುಸ್ಸ್! ಕುರ್ಚಿ ಸರಿಯಾಗಿ ಒಂದು ಗೇಣು ಇಳಿಯಿತು.

ಮೇಷ್ಟ್ರ ಎದೆಯೊಳಗೂ ಏನೋ ಇಳಿಯಿತು.

ಅತ್ತೆಯ ಬೆರಳು ಟಕಟಕ ಆಡಿತು. ಪರದೆಯ ಮೇಲೆ ವಿಮಾನ! "ರೈಟ್, ರೈಟ್!" ಎಂದರು ಅತ್ತೆ. ವಿಮಾನ ಓಡಿ, ಮೂಗೆತ್ತಿ, ಮೋಡ ಸೇರಿತು. ಮೋಡ ಮೋಡದ ಹಾಗೆಯೇ ಇತ್ತು. ಬಾಗಿಲಲ್ಲಿದ್ದವರು ಬಾಯಿ ತೆರೆದರು.

"ಹೋದ ವಾರವೇ ಬಂದು ಇದನ್ನ ಆರಿಸಿ ಇಟ್ಟು ಹೋಗಿದ್ರು ಈ ಅಮ್ಮ," ಎಂದ ಶಿಷ್ಯ. "ಅಳಿಯನಿಗೆ ಮಾತ್ರ ಹೇಳಬೇಡಪ್ಪಾ, ಆಟ ಅಂದ್ರೆ ಕೆಂಡ ಕಾರ್ತಾರೆ ಅಂದಿದ್ರು. ನೀವೇ ಬಂದು ಅತ್ತೆಗೆ ಬೇಕು ಅಂದಾಗ ನನಗೆ ಕಣ್ಣಲ್ಲಿ ನೀರೇ ಬಂತು ಸಾರ್."

"ಇಡೀ ಸರ್ವೀಸು ಬೇರೆಯೋರು ಓಡಿಸಿದ್ದಕ್ಕೆ ರೈಟ್ ಅಂದಿದ್ದೇ ಆಯ್ತು," ಎಂದರು ಅತ್ತೆ, ಕಣ್ಣು ಕೀಳದೆ. "ಸ್ಟೇರಿಂಗ್ ಕೈಗೆ ಸಿಕ್ಕಿದ್ದು ಈಗ."

ವಿಮಾನ ಸಮುದ್ರದ ದಡಕ್ಕೆ ತಿರುಗಿತು. ರನ್‌ವೇ ಹತ್ತಿರವಾಯಿತು. ಚಿತ್ರ ಅಂಟಲಿಲ್ಲ, ನಡುಗಲಿಲ್ಲ. ಹತ್ತಿರ, ಇನ್ನೂ ಹತ್ತಿರ. ಮೇಷ್ಟ್ರ ಕಾಲು ತಾನಾಗಿ ನೆಲ ಒತ್ತಿತು, ಬಾಯಿ ಅವರನ್ನು ಕೇಳದೆಯೇ ತೆರೆದುಕೊಂಡಿತು.

"ಚಕ್ರ! ಅತ್ತೆ, ಚಕ್ರ! ಚಕ್ರ ಇಳಿಸಿ!"

ಕೋಣೆಯಲ್ಲಿದ್ದ ಕಣ್ಣುಗಳೆಲ್ಲ ಪರದೆ ಬಿಟ್ಟು ಮೇಷ್ಟ್ರ ಕಡೆ ತಿರುಗಿದವು.

"ಶ್ಶ್!" ಎಂದರು ಅತ್ತೆ. "ಆಗಲೇ ಇಳಿಸಿದೀನಿ. ಅದನ್ನ ಮರೆಯೋದು ಬೆಳಗಿನ ಹೊತ್ತು ಓಡಿಸೋರು. ಅವರು ಬೀಳಿಸಿದ್ದನ್ನ ಎತ್ತಿಡೋದೇ ನನಗೆ ದಿನಾ ಮಧ್ಯಾಹ್ನದ ಕೆಲಸ."

ವಿಮಾನ ಎಲೆಯ ಹಾಗೆ ನೆಲಕ್ಕಿಳಿಯಿತು. "ಹೋಲ್ಡಾನ್!" ಎಂದು ಅತ್ತೆ ಬ್ರೇಕು ಒತ್ತಿದರು.

ಡ್ರಿಲ್ ಮೇಷ್ಟ್ರು ಮೊದಲು ಅತ್ತೆಯನ್ನು ನೋಡಿದರು, ಆಮೇಲೆ ಮೇಷ್ಟ್ರನ್ನು ನೋಡಿದರು. ಗೇಟಿನ ಹಲಗೆ ಅವರ ಕಣ್ಣಲ್ಲಿ ಅಕ್ಷರ ಅಕ್ಷರವಾಗಿ ಓಡುವುದು ಕಾಣುತ್ತಿತ್ತು. ಕೊರಳಿನ ಸೀಟಿ ಬಾಯಿಗಿಟ್ಟು ಮೆಲ್ಲಗೆ "ಪೀ..." ಎಂದರು.

ಮೇಷ್ಟ್ರು ಬಾಗಿಲ ಕಡೆ ಸರಿದರು. ಅಲ್ಲಿ ಹೆಂಡತಿ ನಿಂತಿದ್ದಳು. ಒಂದು ಕೈಯಲ್ಲಿ ಉತ್ತರಪತ್ರಿಕೆಯ ಕಟ್ಟು. ಶಾಲೆಯಲ್ಲಿ ಕಟ್ಟಿದ್ದ ದಾರ ಇನ್ನೂ ಬಿಚ್ಚಿರಲಿಲ್ಲ. ಇನ್ನೊಂದು ಕೈಯಲ್ಲಿ ಕೆಂಪು ಪೆನ್ನು.

"ತಗೊಳ್ರೀ," ಎಂದಳು. "ಇಷ್ಟು ದಿನದಿಂದ ತಿದ್ತಾ ಇದೀರಲ್ಲ, ಹೋಗಿ ಮುಗಿಸಿಬಿಡಿ. ಬಾಗಿಲು ಮಾತ್ರ ಹಾಕ್ಕೋಬೇಡಿ."