ಮುಂದಿನ ತಂತಿ, ಹಿಂದಿನ ತಂತಿ

ಹೆಡ್‌ಮೇಷ್ಟ್ರು ಗೇಟು ತೆಗೆದು ಅಂಗಳಕ್ಕೆ ಬಂದದ್ದನ್ನು ಕಂಡು ಗುಮಾಸ್ತರು ಗೌರವದಿಂದ ಎದ್ದು ನಿಂತರು. ಅವರ ಜೊತೆಗೆ ಕೌದಿಯೂ ಎದ್ದು ನಿಂತಿತು.

ತಪ್ಪು ಗುಮಾಸ್ತರದಲ್ಲ. ಜಗಲಿಯ ಉದ್ದಕ್ಕೂ ಹಾಸಿದ್ದ ಕೌದಿಯ ಒಂದು ಮೂಲೆಯ ಮೇಲೆ, "ಗಾಳಿಗೆ ಹಾರ್ತಿದೆ, ಸ್ವಲ್ಪ ಕೂತಿರಿ" ಎಂದು ಹೆಂಡತಿಯೇ ಅವರನ್ನು ಕೂರಿಸಿದ್ದಳು. (ಮೂವತ್ತೆರಡು ವರ್ಷ ಕಚೇರಿಯ ಕಾಗದಗಳ ಮೇಲೆ ಪೇಪರ್‌ವೆಯ್ಟ್ ಇಟ್ಟವರಿಗೆ ನಿವೃತ್ತಿಯ ನಂತರ ತಾವೇ ಪೇಪರ್‌ವೆಯ್ಟ್ ಆಗುವ ಯೋಗ.) ಕೂತವರು ಪತ್ರಿಕೆಯಲ್ಲಿ ಮುಳುಗಿದರು. ಆಕೆ ಅಂಚು ಹೊಲಿಯುತ್ತ, ಕೈಪಂಪಿನ ಹತ್ತಿರ ನಿಂತವರಿಗೆ ಉತ್ತರ ಕೊಡುತ್ತ, ಕೋಳಿಗಳನ್ನು ಗದರಿಸುತ್ತ ಮುಂದೆ ಸಾಗಿ, ಕೌದಿ ಎಲ್ಲಿ ಮುಗಿಯಿತು, ಗಂಡನ ಪೈಜಾಮ ಎಲ್ಲಿ ಶುರುವಾಯಿತು ಎಂದು ನೋಡದೆ ಒಂದು ಗೇಣು ಹೊಲಿದುಬಿಟ್ಟಿದ್ದಳು.

ಗುಮಾಸ್ತರು ಕೈ ಮುಗಿದು ಒಂದು ಹೆಜ್ಜೆ ಮುಂದಿಟ್ಟರು. ಪರ್ ಎಂದು ಸದ್ದಾಯಿತು. ಹೊಲಿಗೆ ಬಿಡಲಿಲ್ಲ, ಪೈಜಾಮ ಬಿಟ್ಟಿತು.

ಹೆಡ್‌ಮೇಷ್ಟ್ರು ಸಭ್ಯಸ್ಥರು. ಕೂಡಲೇ ಮುಖ ಮೇಲೆತ್ತಿ, ಮಾಡಿನ ಹೆಂಚುಗಳನ್ನು ಎಣಿಸಲೆಂದೇ ಬಂದವರ ಹಾಗೆ ನಿಂತು ಹೇಳಿದರು. "ಬರೋ ಭಾನುವಾರ ಊರಲ್ಲಿ ವಾಚನಾಲಯ ಶುರು ಮಾಡ್ತಿದೀವಿ. ತಾವು ಓದಿಕೊಂಡವರು, ದೊಡ್ಡ ಕಚೇರೀಲಿ ಇದ್ದವರು. ಅಧ್ಯಕ್ಷತೆ ತಾವೇ ವಹಿಸಬೇಕು."

"ಆಗಲಿ ಆಗಲಿ" ಎಂದರು ಗುಮಾಸ್ತರು, ಗೋಡೆಗೆ ಬೆನ್ನು ಅಂಟಿಸಿಕೊಂಡು. ಒಳಗೆ ಬನ್ನಿ ಎನ್ನಲಿಲ್ಲ. ಒಳಗೆ ಕರೆದುಕೊಂಡು ಹೋಗಬೇಕಾದರೆ ಅವರು ತಿರುಗಬೇಕಾಗುತ್ತಿತ್ತು.

ಅಧ್ಯಕ್ಷತೆ ಎಂಬ ಆ ನಾಲ್ಕಕ್ಷರದ ಬೆಲೆ ಏನೆಂದು ಓದುಗರಿಗೆ ತಿಳಿದಿರಬೇಕು. ಕಚೇರಿಯ ದಾಖಲೆ ಕೋಣೆಯಲ್ಲಿ ಸವೆದ ಆ ಮೂವತ್ತೆರಡು ವರ್ಷಗಳಲ್ಲಿ ಎಷ್ಟೋ ಸಭೆಗಳಿಗೆ ಅವರು ಕುರ್ಚಿ ಹಾಕಿಸಿದ್ದರು, ಮೈಕು ತರಿಸಿದ್ದರು, ಅಧ್ಯಕ್ಷರ ಮುಂದೆ ನೀರಿನ ಲೋಟ ಇಟ್ಟು ಅದಕ್ಕೆ ಮುಚ್ಚಳ ಮುಚ್ಚಿದ್ದರು. ಆ ಲೋಟದ ನೀರು ಕುಡಿಯುವ ಭಾಗ್ಯ ಮಾತ್ರ ಒಮ್ಮೆಯೂ ಒದಗಿರಲಿಲ್ಲ. ಈಗ ಒದಗಿತ್ತು. ಒದಗಿದ ಗಳಿಗೆಯಲ್ಲೇ ಪೈಜಾಮ ಹೋಗಿತ್ತು.

ಮರುದಿನ ಬೆಳಿಗ್ಗೆ ಹಾಲಿನಕ್ಕ ಕ್ಯಾನಿನ ಜೊತೆ ಒಂದು ಗಂಟನ್ನೂ ತಂದು ಜಗಲಿಯ ಮೇಲಿಟ್ಟಳು.

"ಹೆಡ್‌ಮೇಷ್ಟ್ರು ಕಳಿಸಿದ್ದು. ಎರಡು ಪ್ಯಾಂಟು. ಸೊಂಟ ಸಡಿಲ ಆದ್ರೆ ದಾರ ಕಟ್ಟಿಕೊಳ್ಳಿ ಅಂದ್ರು."

"ನನಗ್ಯಾಕಮ್ಮ ಪ್ಯಾಂಟು?"

"ಇರಲಿ ಬಿಡಿ ಅಣ್ಣ. ಕಷ್ಟ ಯಾರಿಗೆ ಬರಲ್ಲ ಹೇಳಿ" ಎಂದು ಹಾಲಿನಕ್ಕ ಅವರನ್ನು ಅಡಿಯಿಂದ ಮುಡಿಯವರೆಗೆ ಕರುಣೆಯಿಂದ ನೋಡಿ, ಆ ದಿನ ಹಾಲನ್ನು ಒಂದು ಕೈ ಹೆಚ್ಚೇ ಅಳೆದು ಹೋದಳು.

ಗುಮಾಸ್ತರು ಗಂಟನ್ನು ಎತ್ತಿಕೊಂಡು ಒಳಗೆ ಬಂದರು.

"ಏನೇ, ನೀನು ಹಾಲಿನಕ್ಕನ ಹತ್ತಿರ ಏನು ಹೇಳಿದೀಯ?"

"ಹಳೇ ಬಟ್ಟೆ ಇದ್ರೆ ಕೊಡಿ ಅಂದೆ."

"ಯಾಕೆ ಅಂತ ಹೇಳಿದ್ಯಾ?"

"ಯಾಕೆ ಅಂತ ಅವಳು ಕೇಳಲೇ ಇಲ್ಲ. ಒಳ್ಳೇ ಹೆಂಗಸು."

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ದಂಪತಿಗಳು ಪಟ್ಟಣ ಬಿಟ್ಟು ಈ ಹಳ್ಳಿಮನೆಗೆ ಬಂದು ನಾಲ್ಕು ತಿಂಗಳಾಗಿತ್ತು. ಬಂದದ್ದು ಶಾಂತಿ ಹುಡುಕಿಕೊಂಡು. ಮನೆಯ ಜೊತೆಗೆ ಹನ್ನೊಂದು ಕೋಳಿ, ಎರಡು ಆಡು, ಅಂಗಳದ ನಡುವೆ ಒಂದು ಕೈಪಂಪು ಬಂದವು. ಊರಿಗೆಲ್ಲ ಸಿಹಿನೀರು ಬರುವುದು ಈ ಪಂಪಿನಲ್ಲಿ ಮಾತ್ರ ಎಂಬ ಸಂಗತಿಯನ್ನು ಮನೆ ಮಾರಿದವರು ಯಾಕೋ ಹೇಳಲು ಮರೆತಿದ್ದರು. ಹೀಗಾಗಿ ಬೆಳಗಾದರೆ ಅರ್ಧ ಊರು ಅಂಗಳದಲ್ಲಿ, ಉಳಿದರ್ಧ ಗೇಟಿನಲ್ಲಿ. ಪಂಪಿನ ಹಿಡಿ ಏಳುವಾಗೊಂದು ಸುದ್ದಿ, ಇಳಿಯುವಾಗೊಂದು ಸುದ್ದಿ.

ಇದರ ನಡುವೆ ಮನೆ ಹೂಡುವ ಕೆಲಸ. ಕಿಟಕಿಗೆ ಬಣ್ಣ ಆಗಬೇಕು, ಅಡುಗೆಮನೆಗೆ ಹಲಗೆ ಬಡಿಯಬೇಕು, ಮೂವತ್ತು ಪೆಟ್ಟಿಗೆ ಬಿಚ್ಚಬೇಕು. ಹೆಂಡತಿ ಮೊದಲು ಬಿಚ್ಚಿದ್ದು ಕೌದಿಯ ಪೆಟ್ಟಿಗೆ. ಎರಡನೆಯದು, ಮೂರನೆಯದೂ ಕೌದಿಯವೇ. ಒಟ್ಟು ಏಳು ಅರೆಬರೆ ಕೌದಿಗಳು.

"ಕನ್ನಡಿ ಪೆಟ್ಟಿಗೆ ಇನ್ನೂ ಸಿಕ್ಕಿಲ್ಲ ಕಣೇ" ಎಂದು ಸ್ಟೀಲ್ ತಟ್ಟೆಯಲ್ಲಿ ಮುಖ ನೋಡಿಕೊಂಡು ಗಡ್ಡ ಹೆರೆಯುತ್ತಿದ್ದ ಗುಮಾಸ್ತರು ಗೊಣಗುತ್ತಿದ್ದರು.

"ಅವಸರ ಏನು. ಮುಖ ಎಲ್ಲೂ ಹೋಗಲ್ಲ. ಚಳಿ ಮಾತ್ರ ಬಂದೇ ಬರುತ್ತೆ" ಎಂದು ಆಕೆ ದಾರ ಪೋಣಿಸುತ್ತಿದ್ದಳು. ಒಂದು ಕೈಯಲ್ಲಿ ಸೂಜಿ, ಒಂದು ಕೈಯಲ್ಲಿ ಬಣ್ಣದ ಕುಂಚ. ಕೌದಿಯಲ್ಲಿ ಅಲ್ಲಲ್ಲಿ ಹಸಿರು ಬಣ್ಣದ ಬೆರಳಚ್ಚು, ಕಿಟಕಿಯ ಬಣ್ಣದಲ್ಲಿ ಅಲ್ಲಲ್ಲಿ ದಾರದ ಎಳೆ.

ಏಳರಲ್ಲಿ ದೊಡ್ಡದನ್ನು ಆಕೆ ಎತ್ತಿಕೊಂಡಿದ್ದಳು. ಸಾಲಿಗೆ ಒಂಬತ್ತು ಚೌಕ. ಕೌದಿಯ ವಿಷಯದಲ್ಲಿ ಆಕೆಗೆ ಒಂದೇ ಒಂದು ಕಾನೂನು: ಒಂದು ಸಾಲಿನಲ್ಲಿ ಒಂದೇ ಬಟ್ಟೆ ಎರಡು ಸಲ ಬರಕೂಡದು. ಈ ಕಾನೂನಿನಿಂದಾಗಿಯೇ ಮನೆಯ ಚಿಂದಿಯೆಲ್ಲ ಮುಗಿದು, ಆಕೆ ಹಾಲಿನಕ್ಕನನ್ನು ಕೇಳಿದ್ದು.

ಹಾಲಿನಕ್ಕ ಕೇಳಿಸಿಕೊಂಡದ್ದನ್ನು ಪಂಪಿಗೆ ಹೇಳಿದಳು. ಪಂಪು ಊರಿಗೆ ಹೇಳಿತು. ಪಟ್ಟಣದಿಂದ ಬಂದವರಿಗೆ ಉಡಲು ಬಟ್ಟೆ ಇಲ್ಲವಂತೆ. ಅನುಮಾನವಿದ್ದ ಒಬ್ಬಿಬ್ಬರಿಗೂ ಹೆಡ್‌ಮೇಷ್ಟ್ರು ಕಣ್ಣಾರೆ ಕಂಡ ಪೈಜಾಮದಿಂದ ಅದು ಪರಿಹಾರವಾಯಿತು.

ಗಂಟುಗಳು ಬರತೊಡಗಿದವು. ಹಾಸಿಗೆ ಹೊದಿಕೆ, ಪರದೆ, ಲಂಗ, ಯಾರದೋ ಮದುವೆಯ ರವಿಕೆ. ಹಿಟ್ಟಿನ ಗಿರಣಿಯವನು ತಾನೇ ಬಂದು ಒಂದು ಅಂಗಿ ಕೊಟ್ಟ. ಕೊಡವಿದಾಗ ಹಿಟ್ಟು ಉದುರಿತು. ಗುಮಾಸ್ತರಿಗೆ ಅವಮಾನದಿಂದ ಕಿವಿ ಕೆಂಪಾದರೆ, ಹೆಂಡತಿಗೆ ಸಂತೋಷದಿಂದ ಕೆನ್ನೆ ಕೆಂಪಾಗುತ್ತಿತ್ತು.

"ಎಷ್ಟು ಒಳ್ಳೇ ಜನ ನೋಡಿ. ಪಟ್ಟಣದಲ್ಲಿ ಅಷ್ಟು ವರ್ಷ ಇದ್ವಿ, ಪಕ್ಕದ ಮನೆಯವರು ಒಂದು ಗುಂಡಿ ಕೊಟ್ಟಿರಲಿಲ್ಲ."

"ಒಳ್ಳೇ ಜನ ಸರಿ. ನಮ್ಮನ್ನ ಗತಿಯಿಲ್ಲದವರು ಅಂದ್ಕೊಂಡಿದಾರೆ. ಕೌದಿಗೆ ಅಂತ ಬಾಯಿಬಿಟ್ಟು ಹೇಳು."

ಆಕೆ ಹೇಳಿದಳು. ಕೌದಿಯನ್ನೇ ತಂದು ಪಂಪಿನ ಹತ್ತಿರ ಹರಡಿ ತೋರಿಸಿದಳು. ಹೆಂಗಸರು ಮೆಚ್ಚಿದರು, ಮುಟ್ಟಿ ನೋಡಿದರು, ಮಧ್ಯಾಹ್ನ ಬಂದು ಹಳೇ ಬಟ್ಟೆಗಳ ಹೊಲಿಗೆ ಬಿಚ್ಚಿ ಕೊಡುತ್ತೇವೆ ಎಂದರು. ಆದರೆ ಹಾಲಿನಕ್ಕ ಗೇಟಿನ ಬಳಿ ಇನ್ನೊಬ್ಬಳಿಗೆ ಪಿಸುಗುಟ್ಟಿದ್ದು ಗುಮಾಸ್ತರಿಗೆ ಕೇಳಿಸಿತು. "ಕೌದಿ ಅನ್ನೋದು ನೆಪ ಕಣೇ. ಮಾನಸ್ಥರು, ಬಾಯಿಬಿಟ್ಟು ಹೇಗೆ ಹೇಳ್ತಾರೆ?"

ಗಂಟುಗಳೆಲ್ಲ ತೊಳೆದು ಒಣಗಬೇಕಲ್ಲ. ಅದಕ್ಕೆ ಹೆಂಡತಿ ಒಂದು ವ್ಯವಸ್ಥೆ ಮಾಡಿದಳು.

"ಇಲ್ಲಿ ಕೇಳಿ. ಮುಂದಿನ ತಂತಿ ಕೌದಿ ಬಟ್ಟೆಗೆ. ಹಿಂದಿನ ತಂತಿ ಮೈಬಟ್ಟೆಗೆ. ಕಲಸುಮೇಲೋಗರ ಮಾಡಬೇಡಿ. ಕೇಳಿಸ್ತಾ?"

"ಹ್ಞೂಂ" ಎಂದರು ಗುಮಾಸ್ತರು, ಪತ್ರಿಕೆಯ ಹಿಂದಿನಿಂದ. (ಈ ಹ್ಞೂಂಕಾರವನ್ನು ದಯವಿಟ್ಟು ನೆನಪಿಡಿ. ಗುಮಾಸ್ತರು ನೆನಪಿಡಲಿಲ್ಲ.)

ಮಾನ ಉಳಿಸಿಕೊಳ್ಳಲು ಅವರು ಮಾಡಿದ ಮೊದಲ ಪ್ರಯತ್ನ ಕೋಟು. ಬುಧವಾರ ಬೆಳಿಗ್ಗೆ, ನಿವೃತ್ತಿಯ ದಿನಕ್ಕೆಂದು ಹೊಲಿಸಿದ್ದ ಕರಿ ಕೋಟು ತೊಟ್ಟು ಕೋಳಿಗಳಿಗೆ ಕಾಳು ಹಾಕಿದರು. ಅದೇ ಕೋಟಿನಲ್ಲಿ ಗಿರಣಿಗೆ ಹೋಗಿ ಬಂದರು. ಗುರುವಾರವೂ ಅದೇ. ಶುಕ್ರವಾರ ಪಂಪಿನ ಹತ್ತಿರ ಯಾರೋ ನಿಟ್ಟುಸಿರುಬಿಟ್ಟರು. "ಪಾಪ, ಮೂರು ದಿನದಿಂದ ಅದೊಂದೇ. ಮಿಕ್ಕಿದ್ದೆಲ್ಲ ಹರಿದುಹೋಗಿರಬೇಕು." ಅಂದೇ ಸಂಜೆ, ಬಿಚ್ಚಿಟ್ಟ ಕೋಟಿನ ಎಡತೋಳನ್ನು ಆಡು ಮೊಣಕೈಯವರೆಗೆ ರುಚಿ ನೋಡಿ, ಹಿಡಿಸದೆ ಬಿಟ್ಟಿತು.

ಶನಿವಾರ ಬೆಳಿಗ್ಗೆ ಗುಮಾಸ್ತರಿಗೆ ಮಹಾಯೋಚನೆ ಹೊಳೆಯಿತು. ಮಾತಿನಲ್ಲಿ ಹೇಳಿದರೆ ನೆಪ ಎನ್ನುವ ಊರಿಗೆ ದಾಖಲೆಯನ್ನೇ ಮುಂದಿಡಬೇಕು. ದಾಖಲೆ ಇಡುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಬೀರು ತೆರೆದರು. ಒಂಬತ್ತು ಅಂಗಿಗಳು, ಒಂಬತ್ತೂ ಬೇರೆ ಬೇರೆ ಬಗೆಯವು: ನೀಲಿ ಗೆರೆ, ಬೂದು ಗೆರೆ, ಸಣ್ಣ ಚೌಕಳಿ, ನಾಳೆಯ ಸಭೆಗೆಂದು ಎತ್ತಿಟ್ಟ ಕೆನೆಬಣ್ಣದ್ದು. ಎಲ್ಲವನ್ನೂ ನೀರಿನಲ್ಲದ್ದಿ, ಹಿಂಡಿ, ಹೊತ್ತು ತಂದು ಊರೆಲ್ಲ ನೋಡುವಂತೆ ಮುಂದಿನ ತಂತಿಯ ಮೇಲೆ ಸಾಲಾಗಿ ಹರವಿದರು. ಹಿಂದಿನ ತಂತಿಯಲ್ಲಿ ಹಾಕಿದರೆ ನೋಡುವವರು ಯಾರು, ಆಡುಗಳೆ?

ತಾವು ಬನಿಯನ್ನಿನಲ್ಲಿ ಕಿಟಕಿಯ ಹಿಂದೆ ಕುರ್ಚಿ ಹಾಕಿಕೊಂಡು, ನಾಳೆಯ ಹನ್ನೆರಡು ಪುಟದ ಭಾಷಣವನ್ನು ಮಡಿಲಲ್ಲಿಟ್ಟುಕೊಂಡು, ಪರಿಣಾಮ ನೋಡಲು ಕೂತರು.

ಪರಿಣಾಮ ಅದ್ಭುತವಾಗಿತ್ತು. ಪಂಪಿನ ಹಿಡಿ ನಿಂತಿತು. ಕೊಡ ಹಿಡಿದವರು ಕತ್ತೆತ್ತಿದರು. "ಒಂಬತ್ತು" ಎಂದು ಯಾರೋ ಎಣಿಸಿದ್ದು, "ಎಂಥಾ ಬಟ್ಟೆ ನೋಡು" ಎಂದು ಇನ್ಯಾರೋ ಹೇಳಿದ್ದು ಕಿವಿಗೆ ಬಿತ್ತು. ವಾರದಲ್ಲಿ ಮೊದಲ ಬಾರಿಗೆ ಗುಮಾಸ್ತರ ಎದೆ ಹಗುರವಾಯಿತು. ಭಾಷಣದ ಮೂರನೆಯ ಪುಟದಲ್ಲಿ ನಿದ್ದೆ ಬಂತು. (ಭಾಷಣದ ಗುಣಮಟ್ಟದ ಬಗ್ಗೆ ನಾನು ಬೇರೆ ಹೇಳಬೇಕಾಗಿಲ್ಲ.)

ಎಚ್ಚರವಾದಾಗ ಬಿಸಿಲು ಇಳಿದಿತ್ತು. ತಂತಿ ಖಾಲಿ. ಜಗಲಿಯಲ್ಲಿ ಹೆಂಗಸರ ನಗು, ಕತ್ತರಿಯ ಕಚಕಚ. ಹೊರಗೆ ಬಂದು ನೋಡಿದರೆ ಹಾಲಿನಕ್ಕನ ಮುಂದೆ ಒಂದು ಬಟ್ಟಲು ತುಂಬ ಗುಂಡಿಗಳು. ಆಕೆಯ ಪಕ್ಕದಲ್ಲಿ ಒಂಬತ್ತು ಕಾಲರುಗಳು ಒಂದರ ಮೇಲೊಂದು ಕೂತಿದ್ದವು, ಕತ್ತಿಲ್ಲದೆ. ಇನ್ನಿಬ್ಬರು ತೋಳು ಬೇರೆ, ಜೇಬು ಬೇರೆ ಮಾಡುತ್ತಿದ್ದರು. ಎಲ್ಲವನ್ನೂ ದಾಟಿ ಬಂದ ಬೆನ್ನಿನ ಬಟ್ಟೆಯನ್ನು ಹೆಂಡತಿ ರಟ್ಟಿನ ಅಳತೆ ಇಟ್ಟು, ಗೇಣುದ್ದದ ಚೌಕ ಮಾಡಿ, ಸಾಲಾಗಿ ಜೋಡಿಸಿದ್ದಳು.

"ಬನ್ನಿ ಅಣ್ಣ" ಎಂದಳು ಹಾಲಿನಕ್ಕ. "ಯಾರೋ ಪುಣ್ಯಾತ್ಮರು ಒಂಬತ್ತು ಅಂಗಿ ಕೊಟ್ಟಿದಾರೆ. ಒಂದೂ ಹರಿದಿಲ್ಲ. ಇಂಥಾ ಬಟ್ಟೆ ಕೊಡಬೇಕಾದ್ರೆ ಎಷ್ಟು ಅನುಕೂಲಸ್ಥರಿರಬೇಕು."

ಹೆಂಡತಿ ತಲೆ ಎತ್ತಲಿಲ್ಲ. ಗುಮಾಸ್ತರು ಒಳಗೆ ಹೋಗಿ ಬೀರು ತೆರೆದು ನೋಡಿದರು. ಬೀರುವಿನಲ್ಲಿ ಬೀರು ಮಾತ್ರ ಇತ್ತು.

ಭಾನುವಾರ ಅಧ್ಯಕ್ಷರು ಸಭೆಗೆ ಬಂದದ್ದು ಗಿರಣಿಯವನ ಅಂಗಿಯಲ್ಲಿ. ಕೌದಿಗೆ ಇನ್ನೂ ಸರದಿ ಬಾರದೆ ಉಳಿದಿದ್ದದ್ದು ಅದೊಂದೇ. ಬರಲೇಬಾರದೆಂದಿದ್ದವರನ್ನು ಹೆಂಡತಿ "ಲೋಟದ ನೀರು ಕಾಯ್ತಿದೆ, ಹೊರಡಿ" ಎಂದು ದಬ್ಬಿ ಕಳಿಸಿದ್ದಳು. ತೋಳು ಉದ್ದವಾಗಿತ್ತು, ಎರಡು ಮಡಿಕೆ ಮಡಚಿದ್ದರು. ಕೈ ಮುಗಿದಾಗ ಹೊಲಿಗೆಯ ಸಂದಿನಿಂದ ಹಿಟ್ಟು ಉದುರಿ ಮೇಜಿನ ಮೇಲೆ ಬಿತ್ತು.

ಮುಂದಿನ ಸಾಲಿನಲ್ಲಿದ್ದ ಗಿರಣಿಯವನು ಪಕ್ಕದವನಿಗೆ ಮೊಣಕೈಯಿಂದ ತಿವಿದು, ಇಡೀ ಸಭೆಗೆ ಕೇಳುವಷ್ಟು ಮೆಲ್ಲಗೆ, "ನಂದು" ಎಂದ.

ಗುಮಾಸ್ತರು ಹನ್ನೆರಡು ಪುಟದ ಭಾಷಣ ಬಿಚ್ಚಿದರು. ನಗೆ ಬರಬಹುದು, ಕರುಣೆ ಬರಬಹುದು, ಎರಡಕ್ಕೂ ಸಿದ್ಧರಾಗಿ ಸಭೆಯತ್ತ ನೋಡಿದರು. ಎರಡೂ ಇರಲಿಲ್ಲ. ಗಿರಣಿಯವನ ಮುಖದಲ್ಲಿ ಇದ್ದದ್ದು, ಸ್ವಂತ ಅಣ್ಣ ವೇದಿಕೆ ಹತ್ತಿದರೆ ಇರುವಂಥದ್ದು. ಹಾಲಿನಕ್ಕ ಸೆರಗಿನಲ್ಲಿ ಕಣ್ಣೊತ್ತಿಕೊಳ್ಳುತ್ತಿದ್ದಳು. ಹೆಡ್‌ಮೇಷ್ಟ್ರು ಈ ಸಲ ಹೆಂಚು ಎಣಿಸದೆ ನೇರವಾಗಿ ಇವರನ್ನೇ ನೋಡುತ್ತಿದ್ದರು. ಗುಮಾಸ್ತರು ಕಾಗದಗಳನ್ನು ಮಡಚಿ ಕೆಳಗಿಟ್ಟರು.

"ಈ ಊರಿಗೆ ಬಂದು ನಾಲ್ಕು ತಿಂಗಳು" ಎಂದರು. "ನಿಮಗೆ ನಾನಿನ್ನೂ ಏನೂ ಕೊಟ್ಟಿಲ್ಲ. ನನ್ನ ಮೈಮೇಲಿರೋದು ನಿಮ್ಮದೇ. ಹಾಗಾಗಿ ಇಲ್ಲಿ ಮಾತಾಡ್ತಿರೋದು ಅರ್ಧ ನೀವೇ ಅಂತ ತಿಳ್ಕೊಳ್ಳಿ. ವಾಚನಾಲಯ ಶುರುವಾಗಿದೆ, ಎಲ್ಲರೂ ಬಂದು ಓದಿ."

ಚಪ್ಪಾಳೆ ಬಹಳ ಹೊತ್ತು ಕೇಳಿಸುತ್ತಲೇ ಇತ್ತು. ಅಷ್ಟು ಚಿಕ್ಕ ಅಧ್ಯಕ್ಷ ಭಾಷಣವನ್ನು ಆ ಊರು ಅದುವರೆಗೆ ಕೇಳಿರಲಿಲ್ಲ. ಗುಮಾಸ್ತರು ಕೂತು, ಲೋಟದ ಮುಚ್ಚಳ ತೆಗೆದು ನೀರು ಕುಡಿದರು. ಅವರ ಅಂಗಳದ್ದೇ ನೀರು. ಆದರೂ ಅಷ್ಟು ಸಿಹಿ ಎಂದು ಅವರಿಗೆ ತಿಳಿದದ್ದು ಅವತ್ತೇ.

"ನೀವು ಕೌದಿಯಮ್ಮನ ಯಜಮಾನರಲ್ವಾ?" ಎಂದು ವಾಪಸು ಬರುವಾಗ ದಾರಿಯಲ್ಲಿ ಒಬ್ಬರು ಮಾತಾಡಿಸಿದರು. ಅಧ್ಯಕ್ಷರು ಹೌದೆಂದು ಒಪ್ಪಿಕೊಂಡರು.

ಚಳಿ ಬರುವ ಹೊತ್ತಿಗೆ ಕೌದಿ ಮುಗಿಯಿತು. ಕನ್ನಡಿ ಪೆಟ್ಟಿಗೆ ಸಿಕ್ಕಿರಲಿಲ್ಲ. ಮಂಜು ಮುಸುಕಿದ ಒಂದು ಬೆಳಿಗ್ಗೆ ಗಂಡ ಹೆಂಡತಿ ಜಗಲಿಯಲ್ಲಿ ಕೌದಿಯನ್ನು ಮೈಮೇಲೆ ಎಳೆದುಕೊಂಡು ಚಹಾ ಕುಡಿಯುತ್ತಿದ್ದರು. ಗುಮಾಸ್ತರ ಬಲಮೊಣಕಾಲ ಮೇಲೆ ಹೆಡ್‌ಮೇಷ್ಟ್ರ ಪ್ಯಾಂಟು, ಎಡದರ ಮೇಲೆ ಹಾಲಿನಕ್ಕನ ಮನೆಯ ಪರದೆ, ಮೂಲೆಯಲ್ಲಿ ಯಾರೂ ಬಿಚ್ಚದೆ ಬಿಟ್ಟ ಅವರದೇ ಪೈಜಾಮದ ತುಂಡು. ನಾಲ್ಕು ತಿಂಗಳು ಅಪರಿಚಿತವಾಗಿದ್ದ ಊರು ಈಗ ಕುತ್ತಿಗೆಯವರೆಗೆ ಬೆಚ್ಚಗಿತ್ತು. ಅದರ ನಡುವೆ, ಎದೆಯ ಮಟ್ಟದಲ್ಲಿ, ಬಗೆಬಗೆಯ ಒಂಬತ್ತು ಚೌಕಗಳ ಒಂದು ಸಾಲು. ಕೊನೆಯದು ಕೆನೆಬಣ್ಣದ್ದು.

ಗುಮಾಸ್ತರು ಆ ಸಾಲಿನ ಮೇಲೆ ಬೆರಳಾಡಿಸಿದರು. ಬಹಳ ದಿನದಿಂದ ಕೇಳಬೇಕೆಂದಿದ್ದದ್ದನ್ನು ಕೇಳಿದರು.

"ಏನೇ, ಈ ಅಂಗಿಗಳನ್ನ ನೀನೇ ಎಷ್ಟು ವರ್ಷ ಒಗೆದಿದೀಯ. ನಂದು ಅಂತ ನಿಜವಾಗ್ಲೂ ಗೊತ್ತಾಗ್ಲಿಲ್ವಾ?"

"ಗೊತ್ತಾಯ್ತು" ಎಂದಳು ಆಕೆ, ಚಹಾ ಗುಟುಕರಿಸಿ. "ಎಂಟು ಕತ್ತರಿಸಿದ ಮೇಲೆ."

"ಮತ್ತೆ ಒಂಬತ್ತನೇದು?"

"ಸಾಲಿಗೆ ಒಂದು ಚೌಕ ಕಡಿಮೆ ಬೀಳ್ತಿತ್ತು."