ಗಜೇಂದ್ರಗಡ ಮೂರನೇ ನಂಬರ

ಊರಿನ ಎತ್ತರ ಅಳಿಯೋ ಕೆಲಸದಾಗ ಇದ್ದವಗ ಆಗಾಗ ತಲಿ ತಗ್ಗಿಸೂದು ಬಂದ ಬರ್ತೈತಿ. ನಾನು ಸಾಹೇಬ ಅಲ್ಲ. ಸಾಹೇಬರು ದುರ್ಬೀನಿನಾಗ ನೋಡ್ತಾರ. ದೂರದಾಗ ಅಂಕಿ ಬರದ ಉದ್ದನ ಕೋಲು ಹಿಡದು ಒಬ್ಬ ನಿಂತಿರ್ತಾನಲ್ಲ, ಅಂವ ನಾನು. ನಾಕನೇತ್ತಾ ಸಾಲಿ ಆಗೇತಿ. ಕೋಲು ನೆಟ್ಟಗ ಹಿಡಿಯಾಕ ಅಷ್ಟು ಸಾಕು.

ಹೆಂಡತಿ ತೀರಿ ಎಂಟು ತಿಂಗಳಾತು. ಅಕಿಗೆ ಒಂದು ಸುಳ್ಳು ಹೇಳಿದ್ದೆ. ಖರೇ ಹೇಳೂದರೊಳಗ ಹೋದಳು. ಅದನ್ನ ಬರಿಯಾಕ ಕುಂತೀನಿ. ಆದ್ರ ಕೈ ಏಳವಲ್ದು. ಮೊದಲ ಎರಡು ಸಣ್ಣ ನಾಚಿಕಿ ಬರೀತೀನಿ.

ಕಲ್ಲು

ಅಳತಿ ಶುರು ಮಾಡೂಕಿಂತ ಮೊದಲ ಅಲುಗಾಡದ ಕಲ್ಲಿಗೆ ಕೆಂಪು ಬಣ್ಣದ ಗುರುತು ಹಾಕಬೇಕು. ಊರಿನ ಎತ್ತರ ಎಲ್ಲಾ ಆ ಗುರುತಿನಿಂದ ಲೆಕ್ಕ. ಯಾವಗಲ್ ಅನ್ನೋ ಊರಾಗ ಕಟ್ಟಿ ಮ್ಯಾಲೆ ಒಂದು ದುಂಡನ ಕಲ್ಲಿತ್ತು. ಭಾರ ಇತ್ತು. ನಾನ ಗುರುತು ಹಾಕಿದೆ.

ಮರುದಿನ ಸಾಹೇಬರು ದುರ್ಬೀನಿನಾಗ ನೋಡಿ ಕಣ್ಣು ಒರಸಿಕೊಂಡರು.

"ಏನಪಾ ಇದು! ಊರು ನಿನ್ನಿಗಿಂತ ಮೂರು ಫೂಟು ಮ್ಯಾಲೆ ಬಂದೈತಿ!"

ಹೋಗಿ ನೋಡಿದ್ರ ಕಲ್ಲು ಕಟ್ಟಿ ಕೆಳಗ ಬಿದ್ದಿತ್ತು. ಅದು ಪೈಲವಾನರು ಎತ್ತೋ ಸಂಗ್ರಾಣಿ ಕಲ್ಲಂತ. ಸಂಜೀಕ ಒಬ್ಬ ಪೈಲವಾನ ಅದನ್ನ ಹೆಗಲಿಗೆ ಎತ್ತಿ ಕೆಳಗ ಒಗದಿದ್ದ. ಗುರುತು ಮೂರು ಫೂಟು ಕೆಳಗ ಇಳದ್ರ ಲೆಕ್ಕದಾಗ ಊರು ಅಷ್ಟು ಮ್ಯಾಲೆ ಏರ್ತೈತಿ.

"ಈ ಕಲ್ಲು ಯಾರು ಆರಿಸಿದ್ದು?" ಅಂದ್ರು ಸಾಹೇಬರು. ನಾನು ಕಾಲು ನೋಡಿಕೋತ ನಿಂತೆ.

ಪೈಲವಾನ ಮಾತ್ರ ಎದಿ ಉಬ್ಬಿಸಿ ಬಂದ. "ನಾನ್ರಿ. ಊರನ್ನ ಮೂರು ಫೂಟು ಎತ್ತೀನಿ ಅಂತ ನಿಮ್ಮ ಕಾಗದದಾಗ ನನ್ನ ಹೆಸರು ಬರಕೋರಿ."

ಮಿರ್ಚಿ

ಚಿಕ್ಕನರಗುಂದದಾಗ ಒಬ್ರು ಹಿರೇರು ನನ್ನ ಮಿರ್ಚಿ ಅಂಗಡಿಗೆ ಕರಕೊಂಡು ಹೋದ್ರು. ಒಂದು ಪ್ಲೇಟು ಬಿಸಿ ಮಿರ್ಚಿ ಕೊಡಿಸಿದ್ರು.

"ಹೆಸರಿನಾಗ ಚಿಕ್ಕ ಐತಿ ಅಂತ ನಮ್ಮ ಊರು ಕಡಿಮಿ ಆಗಬಾರದು ನೋಡಪಾ. ಎತ್ತರದಾಗ ನಮ್ಮ ಓಣಿ ಒಂದನೇ ನಂಬರ ಬರಬೇಕು."

ಕೋಲು ನೆಲದಿಂದ ಒಂದೀಟು ಎತ್ತಿ ಹಿಡದ್ರ ಆ ಜಾಗ ಅಷ್ಟು ಎತ್ತರ ಅಂತ ಲೆಕ್ಕ ಬೀಳ್ತೈತಿ. ಸಾಹೇಬರಿಗೆ ದೂರದಿಂದ ಕಾಣೂದಿಲ್ಲ. ಒಂದು ಪ್ಲೇಟು ಮಿರ್ಚಿಗೆ ಅವರ ಓಣಿ ಒಂದು ಗೇಣು ಎತ್ತಿದೆ. ನಾಚಿಕಿ ಬರ್ತೈತಿ ಬರಿಯಾಕ.

ಮಧ್ಯಾಹ್ನ ಅದ ಹಿರೇರು ಓಡಿಕೋತ ಬಂದ್ರು. ಬೆವತಿದ್ರು.

"ಏ ತಮ್ಮಾ, ಇದು ನಳದ ನೀರಿಗೆ ಅಳಿಯೂದಂತಲ್ಲೋ! ಎತ್ತರದ ಓಣಿಗೆ ನೀರು ಕಡೀಕ ಬರ್ತಾವಂತ. ಲಗೂನ ಇಳಸು!"

"ಹ್ಯಾಂಗ ಇಳಸ್ಲಿ ಯಜ್ಜಾ? ಕೋಲು ನೆಲದಾಗ ಹುಗೀಲೇನು?"

"ಮಿರ್ಚಿ ತಿನ್ನುವಾಗ ಈ ಮಾತು ಕೇಳಲಿಲ್ಲ ನೀನು!"

ಸಾಹೇಬರಿಗೆ ಕೋಲು ಜಾರಿತ್ತು ಅಂತ ಹೇಳಿ ಮತ್ತೊಮ್ಮೆ ಅಳತಿ ಮಾಡಿಸಿದೆ. ಹಿರೇರು ಕೋಲಿನ ಬುಡಕ್ಕ ಕುಂತ್ರು. ನಾ ಎತ್ತೀನೇನೋ ಅಂತ ಎರಡೂ ಕೈಲೆ ಒತ್ತಿ ಹಿಡದಿದ್ರು.

ಪಟ್ಟಿ

ಹೆಂಡತಿ ತವರು ಗಜೇಂದ್ರಗಡ. ನಮ್ಮದು ರೋಣ. ಜಗಳ ಆದ್ರ ಅಕಿ ಒಂದ ಮಾತು ಹೇಳ್ತಿದ್ದಳು. "ಮ್ಯಾಲಿನ ಊರಾಕಿ ನಾನು. ನಿಮ್ಮ ಸಲುವಾಗಿ ಕೆಳಗ ಇಳದು ಬಂದೀನಿ."

ಒಂದು ದಿನ ಸಿಟ್ಟು ಬಂತು. ಕ್ಯಾಲೆಂಡರಿನ ಹಾಳಿ ಹರದು ಹಿಂದ ಊರುಗಳ ಎತ್ತರದ ಪಟ್ಟಿ ಬರದೆ. ಒಂದು, ನರಗುಂದ. ಅಲ್ಲಿ ಗುಡ್ಡ ಐತಿ, ನಂಬ್ತಾಳ ಅಂತ. ಎರಡು, ರೋಣ. ಮೂರು, ಗಜೇಂದ್ರಗಡ. "ಸಾಹೇಬರು ಅಳದು ನಂಬರ ಹಚ್ಯಾರ" ಅಂತ ಕೊಟ್ಟೆ.

ಅಕಿ ಬಟ್ಟು ಇಟ್ಟು ನಿಧಾನ ಓದಿದಳು. "ಕೋಲು ನೀವ ಹಿಡದಿದ್ರೇನು?"

"ಹ್ಞೂಂ."

"ಹಂಗಾರ ಖರೇ ಬಿಡ್ರಿ."

ಆವತ್ತಿನಿಂದ ಮ್ಯಾಲಿನ ಊರು ಅನ್ನಲಿಲ್ಲ. ಜಗಳಕ್ಕ ರುಚಿ ಹೋತು. ಪಂಚಮಿಗೆ ತವರಿಗೆ ಹೋದಾಕಿ ಅವ್ವನ ಕೂಡ ಜಗಳಾಡಿ ಬಂದಳು. "ನಮ್ಮವರು ಅಳದಾರ ಅಂದ್ರೂ ಅವ್ವ ಒಪ್ಪವಲ್ಲಳು" ಅಂತ ಕಣ್ಣೀರು ತೆಗದಳು. ಆವಾಗರೆ ಹೇಳಬೇಕಿತ್ತು. ನಾಳಿ ಹೇಳಿದ್ರಾತು ಅಂದೆ. ಹಂಗ ಎರಡು ವರ್ಷ ಹೋತು. ಆಮ್ಯಾಲೆ ಜಡ್ಡು ಬಂತು. ದವಾಖಾನಿಯಾಗ ಕುಂತು ಊರಿನ ಎತ್ತರದ ಮಾತು ತೆಗಿಯಾಕ ಬಾಯಿ ಬರಲಿಲ್ಲ.

ಅತ್ತಿ

ಹೋದ ತಿಂಗಳ ಗಜೇಂದ್ರಗಡಕ್ಕ ಹೋದೆ. ಒಬ್ಬನ. ಅತ್ತಿ ಚಹಾ ಕೊಟ್ಟಳು. ಕುಡೀಲಿಲ್ಲ.

"ಅತ್ತಿ, ಆ ಪಟ್ಟಿ ಸುಳ್ಳು. ನಾನ ಬರದದ್ದು. ನಿಮ್ಮೂರು ಮ್ಯಾಲೆ, ನಮ್ಮೂರು ಕೆಳಗ. ಅಕಿಗೆ ಹೇಳಬೇಕಿತ್ತು. ಆಗಲಿಲ್ಲ. ನಿಮಗ ಹೇಳಾಕತ್ತೀನಿ."

ಅತ್ತಿ ಸೆರಗು ಕೈಯಾಗ ಹಿಡಕೊಂಡಳು. ಅಳ್ತಾಳ ಅಂದುಕೊಂಡೆ.

"ಮೊದಲಿಂದನೂ ಸುಳ್ಳ ಏನ್ರಿ ಅಳ್ಯಾರ?"

"ಹೌದ್ರಿ."

"ನನ್ನ ಮಗಳು ಎರಡು ಪಂಚಮಿ ಜಗಳಾಡಿ ನನ್ನ ನಂಬಿಸಿದ್ಲು. ಗಂಡ ಅಳದಾನ ಅಂದ್ರ ಖರೇ ಇರಬೇಕು ಅಂತ ನಾನೂ ಸೋತೆ. ಆಮ್ಯಾಲೆ ಏನಾತು ಗೊತ್ತೇನ್ರಿ? ನಮ್ಮ ಹೊಲ ರೋಣದ ಕಡೆ. ಹೊಲದಿಂದ ಮನಿಗೆ ಬರುವಾಗ ಏದುಸಿರು ಬರ್ತಿತ್ತು. ಮೊದಲೆಲ್ಲಾ ಏರು ಐತಿ ಅಂತ ಸುಮ್ಮನಿದ್ದೆ. ನಿಮ್ಮ ಪಟ್ಟಿ ಪ್ರಕಾರ ಅದು ಇಳಿಜಾರು! ಇಳಿಯಾಕ ಉಸಿರು ಹತ್ತಿದ್ರ ಎದಿಗೆ ಏನೋ ಆಗೈತಿ ಅಂತ ದವಾಖಾನಿಗೆ ಓಡಿದೆ."

"ಡಾಕ್ಟರು ಏನಂದ್ರು?"

"'ಏರು ಹತ್ತುವಾಗ ಬರ್ತೈತೇನವ್ವಾ?' ಅಂದ್ರು. 'ಇಲ್ರಿ, ಇಳಿಯುವಾಗ' ಅಂದೆ. ಅವರೂ ಗಾಬ್ರಿ ಬಿದ್ರು. ಎದಿಗೆ ವೈರು ಹಚ್ಚಿ ನೋಡಿದ್ರು. ಏನೂ ಸಿಗಲಿಲ್ಲ. ತಾಕತ್ತಿನ ಗುಳಿಗಿ ಕೊಟ್ರು. ಇವತ್ತಿಗೂ ನುಂಗಾಕತ್ತೀನಿ!"

ನನಗ ನಗಿ ಬಂತು. ಎಂಟು ತಿಂಗಳಿಗೆ ಮೊದಲನೇ ಸಲ. ನಾಚಿಕಿಲೆ ಟಾವೆಲ್ಲು ಬಾಯಿಗೆ ಇಟ್ಟುಕೊಂಡೆ. ಅತ್ತಿ ಎದ್ದು ಒಳಗ ಹೋದಳು. ಒಂದು ಗುಳಿಗಿ, ಒಂದು ತಂಬಿಗಿ ನೀರು ತಂದು ನನ್ನ ಮುಂದ ಇಟ್ಟಳು.

"ನುಂಗ್ರಿ ಅಳ್ಯಾರ. ಏರು ಹತ್ತಿ ಬಂದೀರಿ."