ಅಲೆದು ಹೋದ ಕಣದ ಮೋಜಣಿ ಕುರಿತು

ಇಂದ:
ಶಿದ್ಲಿಂಗಪ್ಪ, ಬಿ.ಎಸ್ಸಿ.,
ಕುಬಿಹಾಳ, ತಾ. ಕುಂದಗೋಳ, ಜಿ. ಧಾರವಾಡ.

ಗೆ:
ಸರ್ವವಸ್ತು ಮೋಜಣಿದಾರ ಸಾಹೇಬರು,
ಇರುವಿಕೆ ಖಾತೆ, ಬ್ರಹ್ಮಾಂಡ ಕಚೇರಿ.

ದಿನಾಂಕ: ೧೪-೨-೧೯೮೬

ವಿಷಯ: ಜೋಳ ಒಕ್ಕುವ ಕಣವು ಕಾಕಾನ ಹೊಲ ಸೇರಿರುವ ಬಗ್ಗೆ.

ಉಲ್ಲೇಖ: ಕಳೆದ ಸೋಮವಾರ ಕಟ್ಟೆಯ ಮೇಲೆ ಅರ್ಜಿದಾರನು ಆಡಿದ, ಆಡಬಾರದಿದ್ದ ಮಾತು.

ಮಾನ್ಯರೇ,

೧. ಅರ್ಜಿದಾರನು ಭೌತಶಾಸ್ತ್ರ ಓದಿದವನಾಗಿದ್ದು, ಸದರಿ ಸೋಮವಾರ ಮೂಗಿನಿಂದ ಮಾತಾಡುವ ತನ್ನ ಪ್ರೊಫೆಸರರನ್ನು ಅಣಕಿಸುತ್ತ, "ಅಳೆಯುವ ತನಕಂ ಕಣಂ ಇಂಥಲ್ಲೇ ಇದೆ ಎನ್ನುವಂತಿಲ್ಲಂ, ಕಣವೆಂಬುದು ಅಲೆಯೂ ಹೌದುಂ" ಎಂದು ಜನರನ್ನು ನಗಿಸಿದ್ದು ನಿಜ.

೨. ಕಾಕಾ ಮುದಕಪ್ಪನವರು ಮಾತ್ರ ನಗಲಿಲ್ಲ. ಕಾರಣ, ಅವರ ಹೊಲಕ್ಕೂ ಅರ್ಜಿದಾರನ ಮನೆಯ ಹೊಲಕ್ಕೂ ನಡುವೆ ಇರುವ ಕಣ ಯಾರದೆಂಬುದು ಹಳೆಯ ತಕರಾರು. ಮರುದಿನ ನೋಡಲಾಗಿ, ಗಡಿಯ ಬಾಂದಗಲ್ಲು ಕಣವನ್ನು ದಾಟಿ ಈಚೆಗೆ ಬಂದಿತ್ತು. ಕಣ ಪೂರ್ತಿ ಕಾಕಾನ ಪಾಲಾಗಿತ್ತು.

೩. ವಿಚಾರಣೆ ಈ ಕೆಳಗಿನಂತೆ ನಡೆಯಿತು.

"ಕಾಕಾ, ಕಲ್ಲ ಯಾಕ ಸರಿಸಿದ್ರಿ?"

"ಕಲ್ಲ ಎಲ್ಲಿ ಸರದೈತೋ? ಕಣ ಅಲೀತೈತಿ ಅಂತ ನೀನ ಅಂದಿ. ಅಲಕೋಂತ ನನ್ನ ಹೊಲಕ್ಕ ಬಂತು. ಬಂದದ್ದನ್ನ ಹೊಡದ ಓಡಸ್ಲೇನು?"

"ಅದು ಈ ಕಣ ಅಲ್ರಿ! ಕಣ್ಣಿಗೆ ಕಾಣದ ಕಣ!"

"ಕಾಣದ್ದು ನಿನಗಿರ್ಲಿ, ಕಾಣೂದು ನನಗಿರ್ಲಿ. ಹಿಸ್ಸೆ ಬಗಿಹರೀತಲ್ಲೋ!"

೪. ಒಕ್ಕಲು ಕಣವಿಲ್ಲದೆ ಕೊಯ್ದ ತೆನೆ ಹೊಲದಲ್ಲೇ ಬಿದ್ದಿರುವ ಕಾರಣ, ಎರಡು ದಿನದಿಂದ ಮೋಡ ಕವಿದಿರುವ ಕಾರಣ, ಮಳೆ ಬಿದ್ದರೆ ಜೋಳ ಕಪ್ಪಾಗುವ ಕಾರಣ, ಈ ಸಕಲ ಕಾರಣಗಳಿಗೂ ಅರ್ಜಿದಾರನೇ ಕಾರಣನಾದ ಕಾರಣ, ತಾಯಿ ಮಲ್ಲಕ್ಕನವರು ಅವನಿಗೆ ಊಟ ಬಡಿಸುವುದನ್ನು ನಿಲ್ಲಿಸಿರುತ್ತಾರೆ.

"ಯವ್ವಾ, ರೊಟ್ಟಿ ಐತೇನ?"

"ಬುಟ್ಟಿ ಮುಚ್ಚೈತಿ. ತಗದ ನೋಡೂಮಟ ಐತಿ ಅನ್ನಾಕೂ ಬರಂಗಿಲ್ಲ, ಇಲ್ಲ ಅನ್ನಾಕೂ ಬರಂಗಿಲ್ಲ. ನಿಂದ ಶಾಸ್ತ್ರಪಾ."

ತೆಗೆದು ನೋಡಲಾಗಿ ಇರಲಿಲ್ಲ.

ಆದ್ದರಿಂದ, ಅಣುವಿನೊಳಗಿನ ಆ ಚಿಕ್ಕದಕ್ಕೆ ಕನ್ನಡದಲ್ಲಿ ಕಣವೆಂದು ಹೆಸರಿಟ್ಟವರಿಗೆ ನೋಟೀಸು ಕೊಟ್ಟು ಬೇರೆ ಹೆಸರು ಹುಡುಕಿಸತಕ್ಕದ್ದು. ಅದಕ್ಕೆ ತಡವಾಗುವುದಾದರೆ, ಸದರಿ ಜೋಳದ ಕಣವನ್ನು ಮಳೆಗೆ ಮುಂಚೆ ಅಳೆಸತಕ್ಕದ್ದು. ಅಳೆದ ಮೇಲೆ ಕಣ ಒಂದು ಕಡೆ ನಿಲ್ಲುತ್ತದೆಂದು ಶಾಸ್ತ್ರದಲ್ಲೇ ಇದೆ. ಸದರಿ ಸೋಮವಾರ ಕಾಕಾ ಅಷ್ಟನ್ನು ಕೇಳಿಸಿಕೊಳ್ಳದೆ ಕಟ್ಟೆಯಿಂದ ಎದ್ದು ಹೋಗಿದ್ದರು.

ತಮ್ಮ ವಿಶ್ವಾಸಿ, ಸದ್ಯ ಮನೆಯಲ್ಲಿ ಯಾರ ವಿಶ್ವಾಸಕ್ಕೂ ಪಾತ್ರನಲ್ಲದ,
ಶಿದ್ಲಿಂಗಪ್ಪ

ಲಗತ್ತು:
೧) ಅಂಕಪಟ್ಟಿಯ ನಕಲು (ಕಣದ ಪತ್ರಿಕೆಯಲ್ಲಿ ಮೂವತ್ತೈದು).
೨) ಕಾಕಾ ಅವರ ಒಪ್ಪಿಗೆ ಪತ್ರ: ಇರುವುದಾಗಿ ಊಹಿಸಿಕೊಳ್ಳತಕ್ಕದ್ದು.

ವಿ.ಸೂ.: ನೋಡುವವರು ಎಲ್ಲಿ ನಿಂತಿದ್ದಾರೆಂಬುದರ ಮೇಲೆ ವಸ್ತುವಿನ ಜಾಗ ತೀರ್ಮಾನವಾಗುತ್ತದೆಂದು ಶಾಸ್ತ್ರವು ಹೇಳುವುದರಿಂದ, ಅಳೆಯಲು ಬಂದಾಗ ತಾವು ದಯಮಾಡಿ ನಮ್ಮ ಹೊಲದಲ್ಲಿ ನಿಂತು ನೋಡಬೇಕಾಗಿ ವಿನಂತಿ.